ಕರಟದ ದೀಪದಲ್ಲಿ ಸುರಗಿ ಪರಿಮಳ

ಮಲೆನಾಡಿನ ಮಳೆಗಾಲದ ಮನೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ನಾಲ್ಕು ಗಂಟೆಗೇ ಕತ್ತಲು, ಹಾಸಿಗೆ ಬಟ್ಟೆಗೆಲ್ಲ ಮುಗ್ಗಲು ವಾಸನೆ. ಸಾಗರದ ನಮ್ಮ ಮನೆಯಿಂದ ಅದನ್ನು ಓಡಿಸಲು ಮೂರು ಮಳೆಗಾಲ ಒದ್ದಾಡಿದ್ದೇನೆ. "ಅಂಗಡಿಯಲ್ಲಿ ನೂರೈವತ್ತು ರೂಪಾಯಿಗೆ ಸ್ಪ್ರೇ ಸಿಗುತ್ತೆ, ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ತೀಯ?" ಎಂದು ಭಾವ ಬಂದಾಗಲೆಲ್ಲ ಹೇಳುತ್ತಿದ್ದರು. ಹೋದ ಜೂನ್‌ನಲ್ಲಿ ತೆಂಗಿನ ಕರಟದ ದೀಪವೊಂದರಿಂದ ಕೊನೆಗೂ ಕೈಗೂಡಿತು.

ಮೊದಲ ವರ್ಷ ಮೇಣದ ಬತ್ತಿ. ಮೇಣ, ಅಚ್ಚು, ಲ್ಯಾವೆಂಡರ್ ಎಣ್ಣೆ ಎಲ್ಲ ಸೇರಿ ಎರಡೂವರೆ ಮೂರು ಸಾವಿರ ಹೋಯಿತು. ಮೇಣ ಕುದಿ ಕುದಿ ಇರುವಾಗಲೇ ಎಣ್ಣೆ ಸುರಿದೆ. ಪರಿಮಳವೆಲ್ಲ ಅಡುಗೆಮನೆಯಲ್ಲೇ ಹಾರಿಹೋಯಿತು. ಎರಡನೇ ವರ್ಷ ಧೂಪ ಮಾಡಿದೆ. ಸಗಣಿ ಪುಡಿ, ಲಾವಂಚದ ಬೇರು, ಒಣ ಸುರಗಿ ಹೂ, ಅಂಟಿಗೆ ಜಿಗಟು. ಜುಲೈನಲ್ಲಿ ಮಾಡಿದ್ದೇ ತಪ್ಪು. ಹದಿನೈದು ದಿನವಾದರೂ ಒಣಗದೆ ಬೂಸ್ಟು ಹಿಡಿಯಿತು. ಒಲೆಯ ಪಕ್ಕ ಇಟ್ಟು ಒಣಗಿಸಿದ ನಾಲ್ಕನ್ನು ಹಚ್ಚಿದರೆ ತರಗೆಲೆ ಸುಟ್ಟ ಹೊಗೆ.

ಆಗ ಹೊಳೆಯಿತು. ಸಾಂಬ್ರಾಣಿ, ಹಾಲುಮಡ್ಡಿ ಕೆಂಡಕ್ಕೆ ಬಿದ್ದರೇ ಪರಿಮಳ ಬಿಡುತ್ತವೆ. ಹೂವು ಹಾಗಲ್ಲ, ಅದನ್ನು ಬೆಚ್ಚಗೆ ಮಾಡಬೇಕು ಅಷ್ಟೇ. ಅಜ್ಜಿ ಒಣ ಸುರಗಿ ಸರವನ್ನು ಸೀರೆಗಳ ನಡುವೆ ಇಟ್ಟಿರುತ್ತಿದ್ದರು. ತಿಂಗಳುಗಟ್ಟಲೆ ಕಳೆದು ಮುಡಿದರೂ ತಲೆಯ ಬಿಸಿಗೇ ಘಮ್ ಅನ್ನುತ್ತಿತ್ತು.

ಹಾಗಾದರೆ ಬೆಳಕು ಕೊಡುವ ಬಲ್ಬೇ ಬಿಸಿಯನ್ನೂ ಕೊಡಲಿ ಅಂದುಕೊಂಡೆ. ಎಲ್‌ಇಡಿ ಹಾಕಿ ರಾತ್ರಿ ಪೂರ್ತಿ ಉರಿಸಿದರೂ ಅದರ ಮೇಲಿಟ್ಟ ಹೂವಿನೆಣ್ಣೆಯ ಬಟ್ಟಲು ತಣ್ಣಗೇ ಇತ್ತು. ಹಳೇ ಜೀರೋ ಬಲ್ಬ್ ನೆನಪಾದದ್ದು ಆಮೇಲೆ. ಹೆಸರು ಜೀರೋ, ಎಳೆಯುವುದು 12ರಿಂದ 15 ವ್ಯಾಟ್. ಅದರಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ನನಗೆ ಬೇಕಿದ್ದುದೂ ಅದೇ.

ದೊಡ್ಡ ಕರಟ ಆರಿಸಿ, ನಾರು ಹೆರೆದು, ಪಾಲಿಶ್ ಪೇಪರಿನಲ್ಲಿ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿದೆ. 3 ಎಂಎಂ ಬಿಟ್‌ನಲ್ಲಿ ಸುಮಾರು 60 ತೂತು. ಮೊದಲ ಎರಡು ಕರಟ ಸೀಳಿದವು. ತೂತುಗಳ ನಡುವೆ ಬೆರಳಷ್ಟು ಜಾಗ ಬಿಡದಿದ್ದರೆ ಸೀಳುವುದೇ. ಅಗ್ಗದ ಪ್ಲಾಸ್ಟಿಕ್ ಹೋಲ್ಡರ್ ಹಾಕಬೇಡಿ, ಕಾದು ಅದರದೇ ವಾಸನೆ ಬರುತ್ತದೆ. ಪಿಂಗಾಣಿಯದೇ ಆಗಬೇಕು. ಬಲ್ಬಿಗೂ ಕರಟಕ್ಕೂ ಎರಡು ಬೆರಳು ಅಂತರ ಇರಲಿ. ನನ್ನದೊಂದು ತಗುಲಿಕೊಂಡು ಒಳಗೆಲ್ಲ ಕಂದಿತು. ಕರಟದ ನೆತ್ತಿ ಕೊರೆದು ಪುಟ್ಟ ಹಿತ್ತಾಳೆ ಬಟ್ಟಲು ಕೂರಿಸಿದೆ. ಬಟ್ಟಲಿಗೆ ನೀರು ಹಾಕಬೇಡಿ, ಕೆಳಗೆ ಕರೆಂಟ್ ಇದೆ.

ಎಣ್ಣೆಯದೇ ಮುಖ್ಯ ಕೆಲಸ. ಸುರಗಿ ಅರಳುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಮೊಗ್ಗನ್ನೇ ಕಿತ್ತು ನೆರಳಲ್ಲಿ ಒಣಗಿಸಬೇಕು. ಮೂರು ಹಿಡಿ ಸುರಗಿಗೆ ಒಂದು ಹಿಡಿ ಲಾವಂಚ, ಮುಳುಗುವಷ್ಟು ಕೊಬ್ಬರಿ ಎಣ್ಣೆ, ಇಪ್ಪತ್ತು ದಿನ ಬಿಸಿಲು. ಇದಕ್ಕೆ ಮೂರನೇದೊಂದು ಚಿಟಿಕೆ ಸೇರಿಸುತ್ತೇನೆ, ಪರಿಮಳ ಗಟ್ಟಿಯಾಗಿ ನಿಲ್ಲುವುದು ಅದರಿಂದಲೇ. ಅದು ಸದ್ಯ ನನ್ನಲ್ಲೇ ಇರಲಿ.

ಜೂನ್‌ನ ಆ ಸಂಜೆ ಧೋ ಮಳೆ. ಕರೆಂಟ್ ಬಂದ ತಕ್ಷಣ ಬಟ್ಟಲಿಗೆ ಒಂದು ಚಮಚ ಎಣ್ಣೆ ಬಿಟ್ಟು, ದೋಸೆಗೆ ರುಬ್ಬಲು ಒಳಗೆ ಹೋದೆ. ಕಾಲು ಗಂಟೆ ಆಗಿರಬೇಕು. ಜಗಲಿಯಿಂದ ಅತ್ತೆ ಕೂಗಿದರು, "ಈ ಮಳೇಲಿ ಸುರಗಿ ಎಲ್ಲಿ ಸಿಕ್ತೇ ನಿಂಗೆ?" ಹೊರಗೆ ಬಂದು ನೋಡಿದರೆ ಗೋಡೆ ತುಂಬ ಹಳದಿ ಚುಕ್ಕೆಗಳು, ಅದರ ನಡುವೆ ಅತ್ತೆ ಮೂಗು ಅರಳಿಸಿ ನಿಂತಿದ್ದಾರೆ. ಮೂರು ವರ್ಷದ ಖರ್ಚು ನನಗೆ ಅಲ್ಲೇ ವಾಪಸ್ ಬಂತು.

ಆಮೇಲೆ ಬೇರೆ ಬೇರೆ ಹಾಕಿ ನೋಡಿದೆ. ರಂಜೆ ಹೂ ಚೆನ್ನಾಗಿ ಬಂತು. ಹಸಿ ಸಂಪಿಗೆ ಎರಡೇ ದಿನಕ್ಕೆ ಹುಳಿ ವಾಸನೆ. ಏಲಕ್ಕಿ ಸಿಪ್ಪೆ ಮೊದಲ ದಿನ ಪಾಯಸದ ಮನೆ, ಮರುದಿನ ಏನೂ ಇಲ್ಲ. ದವನ ಇಷ್ಟವಾಯಿತು, ಆದರೆ ಜಾಸ್ತಿ ಆದರೆ ತಲೆನೋವು.

ಒಂದು ದೀಪಕ್ಕೆ ಬಟ್ಟಲು ಸೇರಿ 180, 200 ರೂಪಾಯಿ ಬೀಳುತ್ತದೆ. ದಿನಕ್ಕೆ ಮೂರು ಗಂಟೆ ಉರಿಸಿದರೆ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗುವುದಿಲ್ಲ. ಇಷ್ಟರಲ್ಲಿ 11 ಮಾಡಿದ್ದೇನೆ, ಎರಡು ಭಾವನ ಮನೆಯಲ್ಲಿವೆ. ಫಿಲಮೆಂಟ್ ಇರುವ ಜೀರೋ ಬಲ್ಬ್ ಮಾತ್ರ ನಮ್ಮ ಪೇಟೆಯಲ್ಲಿ ಕಮ್ಮಿಯಾಗುತ್ತಿದೆ, ಕೇಳಿದರೆ ಎಲ್‌ಇಡಿಯದೇ ಕೊಡುತ್ತಾರೆ. ಹಳೇ ಅಂಗಡಿಯೊಂದರಲ್ಲಿ ಒಂದು ಡಜನ್ ಸಿಕ್ಕಿತು, ಅಷ್ಟನ್ನೂ ತಂದು ಅಟ್ಟದ ಮೇಲಿಟ್ಟಿದ್ದೇನೆ.