ಆನ್‌ಲೈನ್ ಹರಾಜಿನಲ್ಲಿ ಹಳೆಯ ನಾಣ್ಯ ಕೊಳ್ಳುವಾಗ ನಾನು ಅನುಸರಿಸುವ ಕ್ರಮ

ಹಳೆಯ ನಾಣ್ಯಗಳ ಸಂಗ್ರಹ ನನ್ನ ಬಹುಕಾಲದ ಹವ್ಯಾಸ. ಉಡುಪಿಯಲ್ಲಿ ನಾಣ್ಯಗಳನ್ನು ನೋಡಿ ತಿಳಿಯಲು ಒಳ್ಳೆಯ ಜಾಗವಿದೆ: 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿಯೇ ನಾಣ್ಯ ಸಂಗ್ರಹಾಲಯವೊಂದಿದೆ. ಆದರೆ ಕೊಳ್ಳಲು ಹೊರಟಾಗ ಊರಿನಲ್ಲಿ ಸಿಗುವುದು ಕಡಿಮೆ. ಆದ್ದರಿಂದ ನನ್ನ ಸಂಗ್ರಹದ ಹೆಚ್ಚಿನ ಭಾಗ ಆನ್‌ಲೈನ್ ಹರಾಜಿನ ಮೂಲಕವೇ ಮನೆಗೆ ಬಂದಿದೆ. ಮಲ್ಪೆ ಬಂದರಿನ ಮೀನಿನ ಏಲಂನಲ್ಲಿ ಬೆಲೆ ಕೂಗುವವರು ಮೊದಲು ಬುಟ್ಟಿಯ ಮುಂದೆ ಬಗ್ಗಿ, ಕಿವಿರು ಎತ್ತಿ, ಅದರ ಬಣ್ಣ ನೋಡಿದ ಮೇಲೆಯೇ ಕೂಗುತ್ತಾರೆ. ಆನ್‌ಲೈನ್ ಹರಾಜಿನಲ್ಲಿ ಆ ಅವಕಾಶ ಇಲ್ಲದಿರುವುದರಿಂದ, ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವ ಕೆಲಸವನ್ನು ಚಿತ್ರ, ವಿವರಣೆ, ಮಾರಾಟಗಾರನ ಹಿಂದಿನ ವ್ಯವಹಾರ ಮತ್ತು ಹರಾಜಿನ ಷರತ್ತುಗಳ ಮೂಲಕವೇ ಮಾಡಿಕೊಳ್ಳಬೇಕಾಗುತ್ತದೆ. ನನ್ನ ಮಟ್ಟಿಗೆ ಸುರಕ್ಷತೆಯ ಬಹುಪಾಲು ಕೆಲಸ ಬಿಡ್ ಮಾಡುವ ಮೊದಲೇ ಮುಗಿದಿರಬೇಕು.

ಈ ಹರಾಜುಗಳಲ್ಲಿ ಎರಡು ಬಗೆಗಳಿವೆ. ನಾಣ್ಯಗಳಿಗೆಂದೇ ಇರುವ ಹರಾಜು ಸಂಸ್ಥೆಗಳು ಪಟ್ಟಿ ಪ್ರಕಟಿಸಿ, ತಾವೇ ವಸ್ತುವನ್ನು ಪರೀಕ್ಷಿಸಿ, ಹೆಸರು ನೋಂದಾಯಿಸಿದವರಿಗೆ ಮಾತ್ರ ಬಿಡ್ ಮಾಡಲು ಅವಕಾಶ ಕೊಡುತ್ತವೆ. ಇಬೇಯಂತಹ ಜಾಲತಾಣಗಳಲ್ಲಿ ಯಾರು ಬೇಕಾದರೂ ಮಾರಾಟಗಾರರಾಗಬಹುದು. ಇಬೇಯ ಭಾರತೀಯ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿದ್ದರಿಂದ ಅಲ್ಲಿ ಕೊಳ್ಳುವ ನಮ್ಮವರು ಈಗ ವಿದೇಶದ ತಾಣವನ್ನೇ ಬಳಸುತ್ತಾರೆ, ಹೀಗಾಗಿ ಬೆಲೆಯ ಮೇಲೆ ಸಾಗಣೆ ವೆಚ್ಚವೂ ಕಸ್ಟಮ್ಸ್ ಸುಂಕವೂ ಸೇರಬಹುದು. ಹರಾಜು ಸಂಸ್ಥೆಗಳಲ್ಲಿ ಗೆದ್ದ ಬೆಲೆಯ ಮೇಲೆ ಖರೀದಿದಾರರ ಪ್ರೀಮಿಯಂ ಎಂಬ ಶುಲ್ಕವಿರುತ್ತದೆ. ಅದು ಶೇಕಡಾ 15 ಎಂದಿಟ್ಟುಕೊಂಡರೆ ಹತ್ತು ಸಾವಿರಕ್ಕೆ ಗೆದ್ದ ನಾಣ್ಯದ ಬೆಲೆ ಆಗಲೇ 11,500 ರೂಪಾಯಿ ಆಯಿತು. ಜಿಎಸ್‌ಟಿ ಮತ್ತು ಅಂಚೆ ವೆಚ್ಚ ಬೇರೆ. ನಾನು ಕೊಡಲು ಸಿದ್ಧವಿರುವ ಹಣದಲ್ಲಿ ಈ ಎಲ್ಲ ಖರ್ಚನ್ನು ಕಳೆದು ಉಳಿಯುವ ಮೊತ್ತವನ್ನಷ್ಟೇ ನನ್ನ ಗರಿಷ್ಠ ಬಿಡ್ ಎಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತೇನೆ.

ಆ ಮೊತ್ತವನ್ನು ತಾಣದಲ್ಲಿ ಒಂದೇ ಬಾರಿಗೆ ನಮೂದಿಸುತ್ತೇನೆ. ಹೆಚ್ಚಿನ ತಾಣಗಳಲ್ಲಿ ಪ್ರಾಕ್ಸಿ ಬಿಡ್ಡಿಂಗ್ ವ್ಯವಸ್ಥೆ ಇದೆ, ಅಂದರೆ ನಮ್ಮ ಗರಿಷ್ಠ ಮೊತ್ತದೊಳಗೆ ತಾಣವೇ ನಮ್ಮ ಪರವಾಗಿ ಬೇಕಾದಷ್ಟೇ ಏರಿಸುತ್ತದೆ: ನಾನು 6,000 ರೂಪಾಯಿ ಎಂದು ನಮೂದಿಸಿ, ಎದುರಿನವರ ಗರಿಷ್ಠ ಬಿಡ್ 4,000ಕ್ಕೆ ನಿಂತರೆ, ನಾಲ್ಕು ಸಾವಿರದ ಮೇಲಿನ ಒಂದು ಏರಿಕೆಯಷ್ಟೇ ನನಗೆ ಬೀಳುತ್ತದೆ. ಇದು ತಿಳಿಯದವರು ಗಡಿಯಾರ ನೋಡುತ್ತಾ ನೂರು ನೂರು ರೂಪಾಯಿ ಏರಿಸುತ್ತಾ ಹೋಗಿ, ಕೊನೆಯ ನಿಮಿಷಗಳಲ್ಲಿ ತಾವೇ ಬೇಡವೆಂದುಕೊಂಡಿದ್ದ ಬೆಲೆಯನ್ನು ದಾಟಿಬಿಡುತ್ತಾರೆ. ಮಾರಾಟಗಾರರ ಕಡೆಯವರೇ ಸುಳ್ಳು ಬಿಡ್ ಹಾಕಿ ಬೆಲೆ ಏರಿಸುವ ಪದ್ಧತಿಗೂ ಸುಲಭವಾಗಿ ಬಲಿಯಾಗುವವರು ಇವರೇ. ಬಿಡ್ ಮಾಡಿದವರ ಪಟ್ಟಿಯನ್ನು ತೆರೆದಾಗ, ಹೊಸದಾಗಿ ಖಾತೆ ತೆರೆದ ಒಬ್ಬ ವ್ಯಕ್ತಿ ಅದೇ ಮಾರಾಟಗಾರನ ವಸ್ತುಗಳಿಗೆ ಮಾತ್ರ ಮತ್ತೆ ಮತ್ತೆ ಬಿಡ್ ಮಾಡಿ ಎಲ್ಲಿಯೂ ಗೆಲ್ಲದೆ ಇರುವುದು ಕಂಡರೆ, ಆ ವಸ್ತು ಎಷ್ಟೇ ಚೆನ್ನಾಗಿದ್ದರೂ ನಾನು ಕೈಬಿಡುತ್ತೇನೆ.

ಮಾರಾಟಗಾರರನ್ನು ಅಳೆಯುವಾಗ ಹಿಂದೆ ಕೊಂಡವರು ಕೊಟ್ಟ ಶೇಕಡಾವಾರು ಅಂಕಕ್ಕಿಂತ ಅಸಮಾಧಾನದ ಅಭಿಪ್ರಾಯಗಳನ್ನೇ ಮೊದಲು ಓದುತ್ತೇನೆ, ಏಕೆಂದರೆ ದೂರು ಬಂದಾಗ ಆತ ಹೇಗೆ ಉತ್ತರಿಸಿದ ಎಂಬುದು ಅಲ್ಲಿ ತಿಳಿಯುತ್ತದೆ. ಆತನ ಒಳ್ಳೆಯ ಹೆಸರು ಯಾವ ವಸ್ತುಗಳನ್ನು ಮಾರಿ ಬಂದದ್ದು ಎಂಬುದನ್ನೂ ಗಮನಿಸಬೇಕು. ಅಗ್ಗದ ಅಂಚೆಚೀಟಿಗಳನ್ನು ಮಾರಿ ಹೊಗಳಿಕೆ ಗಳಿಸಿದ ಖಾತೆಯೊಂದು ಹಲವು ತಿಂಗಳು ಸುಮ್ಮನಿದ್ದು, ಒಮ್ಮೆಲೇ ಚಿನ್ನದ ವರಾಹ ನಾಣ್ಯಗಳನ್ನು ಮಾರಾಟಕ್ಕಿಟ್ಟರೆ ಅನುಮಾನಪಡುವುದು ನ್ಯಾಯವೇ. ಗದ್ದೆ ಉಳುವಾಗ ಸಿಕ್ಕಿತು, ಹಳೆಯ ಮನೆಯ ಅಡಿಪಾಯದಲ್ಲಿ ಸಿಕ್ಕಿತು ಎಂಬ ಕಥೆಗಳು ನಮ್ಮ ತುಳುನಾಡಿನಲ್ಲಿ ಬಹಳ ಬೇಗ ನಂಬಿಕೆ ಹುಟ್ಟಿಸುತ್ತವೆ, ಏಕೆಂದರೆ ಎರಡು ಮೀನುಗಳ ಗುರುತಿರುವ ಆಳುಪ ಅರಸರ ನಾಣ್ಯಗಳೂ ಕೆಳದಿ ಅರಸರ ವರಾಹಗಳೂ ಓಡಾಡಿದ ನೆಲ ಇದು. ಆದರೆ ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು ಬ್ರಿಟಿಷರ ಕಾಲದ 1878ರ ಕಾಯ್ದೆಯಿಂದಲೂ ಇದೆ. ಕಥೆ ಸುಳ್ಳಾದರೆ ನಾಣ್ಯ ನಕಲಿ, ನಿಜವಾದರೆ ವ್ಯವಹಾರವೇ ಅಕ್ರಮ. ಎರಡರಲ್ಲಿ ಯಾವುದಾದರೂ ನನಗೆ ಬೇಡ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ ಎಂಬುದನ್ನೂ, ಕೊಂಡದ್ದನ್ನು ಮುಂದೆ ವಿದೇಶಿ ತಾಣದಲ್ಲಿ ಮಾರಬಹುದೆಂದು ಲೆಕ್ಕ ಹಾಕುವವರು ತಿಳಿದಿರಬೇಕು.

ಚಿತ್ರದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮಾರಾಟಗಾರರಿಗೆ ನಾನು ಬರೆಯುವ ಸಂದೇಶ ಸರಳವಾದದ್ದು: "ನಮಸ್ಕಾರ. ದಯವಿಟ್ಟು ನಾಣ್ಯದ ಎರಡೂ ಮುಖಗಳ ಮತ್ತು ಅಂಚಿನ ಚಿತ್ರವನ್ನು, ಪಕ್ಕದಲ್ಲಿ ಇಂದಿನ ದಿನಾಂಕದ ಚೀಟಿ ಇಟ್ಟು ತೆಗೆದು ಕಳುಹಿಸಿ. ತೂಕ ಎಷ್ಟು ಗ್ರಾಂ ಎಂಬುದನ್ನೂ ತಿಳಿಸಿ." ವಸ್ತು ಕೈಯಲ್ಲಿರುವವರಿಗೆ ಇದು ಐದು ನಿಮಿಷದ ಕೆಲಸ. ಬೇರೆಯವರ ಚಿತ್ರವನ್ನು ಕದ್ದು ಹಾಕಿದವರು ಇಲ್ಲಿಯೇ ಮೌನವಾಗುತ್ತಾರೆ. ಅನುಮಾನ ಬಂದರೆ ಗೂಗಲ್‌ನಲ್ಲಿ ಚಿತ್ರದ ಮೂಲಕವೇ ಹುಡುಕಿ, ಅದೇ ಚಿತ್ರ ಬೇರೆಲ್ಲಿಯಾದರೂ ಇದೆಯೇ ಎಂದು ನೋಡುತ್ತೇನೆ. ಒಮ್ಮೆ ಆರನೆಯ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿ ಹರಾಜಿಗೆ ಬಂದಿತ್ತು. ಆ ವರ್ಷದ ರೂಪಾಯಿ ಬಹಳ ಅಪರೂಪದ್ದು, 1938ರದ್ದು ಸಾಮಾನ್ಯ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಕೊನೆಯ ಅಂಕಿಯ ಕೆಳಭಾಗದ ಎಡಬದಿಯಲ್ಲಿ ಲೋಹ ಕೆರೆದು ನುಣುಪಾದ ಒಂದು ಚುಕ್ಕೆ ಕಂಡಿತು: ಎಂಟರ ಕೆಳಗಿನ ಸುತ್ತನ್ನು ಒಂದು ಕಡೆ ತೆಗೆದು ಒಂಬತ್ತು ಮಾಡಿದ್ದರು. ಇಂತಹ ನಾಣ್ಯ ಅಸಲಿ ಬೆಳ್ಳಿಯದ್ದೇ ಆಗಿರುವುದರಿಂದ ತಕ್ಕಡಿಯಲ್ಲಿ ಸಿಕ್ಕಿಬೀಳುವುದಿಲ್ಲ, ಕಣ್ಣಿಗಷ್ಟೇ ಸಿಗುತ್ತದೆ. ಇನ್ನು ಈಸ್ಟ್ ಇಂಡಿಯಾ ಕಂಪೆನಿಯ ಹೆಸರು, 1818 ಎಂಬ ಇಸವಿ ಮತ್ತು ಹನುಮಂತನೋ ರಾಮನೋ ಇರುವ ತಾಮ್ರದ ಬಿಲ್ಲೆಗಳನ್ನು ಕಂಪೆನಿ ಎಂದೂ ಟಂಕಿಸಿಲ್ಲ. ಅವುಗಳಿಗೆ ಅದ್ಭುತ ಶಕ್ತಿ ಇದೆ ಎಂದು ಹೇಳಿ ಲಕ್ಷಗಟ್ಟಲೆ ಬೆಲೆ ಕೇಳುವವರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ.

ಹಣ ಪಾವತಿಯಲ್ಲಿ ನನ್ನ ನಿಯಮ ಕಟ್ಟುನಿಟ್ಟಾದದ್ದು: ಹರಾಜು ಎಲ್ಲಿ ನಡೆಯಿತೋ ಪಾವತಿಯೂ ಅಲ್ಲಿಯೇ ಆಗಬೇಕು. ತಾಣದ ಕಮಿಷನ್ ಉಳಿಯುತ್ತದೆ, ನಿಮಗೆ ಸಾವಿರ ರೂಪಾಯಿ ಕಡಿಮೆ ಮಾಡುತ್ತೇನೆ, ನೇರವಾಗಿ ಯುಪಿಐ ಮಾಡಿ ಎಂದು ಮಾರಾಟಗಾರರು ವಾಟ್ಸ್ಆ್ಯಪ್‌ನಲ್ಲಿ ಕೇಳುವುದುಂಟು. ಹಾಗೆ ಮಾಡಿದ ಕ್ಷಣದಿಂದ ತಾಣದ ರಕ್ಷಣೆ ನಮಗಿಲ್ಲ. ಇಬೇಯಲ್ಲಿ ವಸ್ತು ಬಾರದಿದ್ದರೆ ಅಥವಾ ವಿವರಣೆಗೆ ತಕ್ಕಂತಿಲ್ಲದಿದ್ದರೆ 30 ದಿನಗಳೊಳಗೆ ಹಣ ವಾಪಸು ಕೇಳುವ ವ್ಯವಸ್ಥೆ ಇದ್ದರೂ, ಹೊರಗಿನಿಂದ ಕೊಟ್ಟ ಹಣಕ್ಕೆ ಅದು ಅನ್ವಯಿಸುವುದಿಲ್ಲ. ಸೋತ ಹರಾಜಿನ ಬಳಿಕ, ಗೆದ್ದವರು ಹಿಂದೆ ಸರಿದಿದ್ದಾರೆ, ವಸ್ತು ನಿಮಗೇ ಸಿಗುತ್ತದೆ ಎಂಬ ಇಮೇಲ್ ಬಂದರೆ ಅದರಲ್ಲಿರುವ ಕೊಂಡಿಯನ್ನು ಒತ್ತದೆ, ತಾಣಕ್ಕೆ ನಾನಾಗಿಯೇ ಲಾಗಿನ್ ಆಗಿ ಅಲ್ಲಿನ ಸಂದೇಶಗಳಲ್ಲಿ ಅದೇ ಮಾತು ಇದೆಯೇ ಎಂದು ನೋಡುತ್ತೇನೆ. ಡೆಬಿಟ್ ಕಾರ್ಡ್ ಬಳಸುವುದಿಲ್ಲ. ಕಡಿಮೆ ಮಿತಿಯ ಒಂದು ಕ್ರೆಡಿಟ್ ಕಾರ್ಡನ್ನು ಇದಕ್ಕೆಂದೇ ಇಟ್ಟುಕೊಂಡು, ಅದರ ವಿದೇಶಿ ವ್ಯವಹಾರವನ್ನು ಪಾವತಿಯ ಹೊತ್ತಿಗೆ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದು, ಕೂಡಲೇ ಮುಚ್ಚುತ್ತೇನೆ. ವಿದೇಶಿ ತಾಣಗಳಲ್ಲಿ ಒಟಿಪಿ ಕೇಳದೆಯೂ ಹಣ ಕಡಿತವಾಗಬಹುದಾದ್ದರಿಂದ ಈ ಎಚ್ಚರಿಕೆ ಅಗತ್ಯ.

ಮಾರುವ ಆಸೆಯಿಂದಲೇ ಮೋಸ ಹೋದವರನ್ನು ನಾನು ನಮ್ಮ ನೆರೆಕರೆಯಲ್ಲಿಯೇ ಕಂಡಿದ್ದೇನೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಳು ಸಿಗುತ್ತವೆ, ಅದಕ್ಕೆ ರಿಸರ್ವ್ ಬ್ಯಾಂಕಿಗೆ ಶುಲ್ಕ ಕಟ್ಟಬೇಕು ಎಂದು ಫೋನ್ ಬರುತ್ತದೆ. ರಿಸರ್ವ್ ಬ್ಯಾಂಕ್ ಇಂತಹ ವ್ಯವಹಾರ ಮಾಡುವುದಿಲ್ಲ, ಶುಲ್ಕ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು 2021ರ ಆಗಸ್ಟ್‌ನಲ್ಲಿ ತಾನೇ ಪ್ರಕಟಣೆ ಹೊರಡಿಸಿದೆ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವರದ್ದೂ ಇದೇ ದಾರಿ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ.

ಪಾರ್ಸೆಲ್ ಬಂದ ಮೇಲಿನ ಕೆಲಸವನ್ನು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. 1862ರ ಇಸವಿಯ ವಿಕ್ಟೋರಿಯಾ ರೂಪಾಯಿಯೊಂದನ್ನು ಗೆದ್ದಿದ್ದೆ. ಮಳೆಗಾಲದಲ್ಲಿ ಬಂದ ಲಕೋಟೆಯ ಹೊರಭಾಗ ಒದ್ದೆಯಾಗಿತ್ತು. ಎಂದಿನಂತೆ ಮೊಬೈಲನ್ನು ಮೇಜಿನ ಮೇಲೆ ನಿಲ್ಲಿಸಿ, ವಿಳಾಸದ ಚೀಟಿ ಮತ್ತು ಮುಚ್ಚಿದ ಅಂಟು ಕಾಣುವಂತೆ ವಿಡಿಯೊ ಆರಂಭಿಸಿ, ನಡುವೆ ನಿಲ್ಲಿಸದೆ ಲಕೋಟೆ ಬಿಡಿಸಿ, ನಾಣ್ಯವನ್ನು ನೇರವಾಗಿ ತಕ್ಕಡಿಯ ಮೇಲಿಟ್ಟೆ. ಗ್ರಾಂನ ನೂರನೆಯ ಭಾಗದವರೆಗೆ ತೋರಿಸುವ ಇಂತಹ ಪುಟ್ಟ ತಕ್ಕಡಿಗೆ ದುಬಾರಿ ಬೆಲೆಯೇನಿಲ್ಲ. ಅಸಲಿ ರೂಪಾಯಿಯ ತೂಕ 11.66 ಗ್ರಾಂ, ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು. ಇದು ಸವೆಯದ ನಾಣ್ಯವಾಗಿದ್ದೂ ಹನ್ನೊಂದನ್ನು ಮುಟ್ಟಲಿಲ್ಲ. ನೂಲು ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಈ ಬೆಳ್ಳಿ ರೂಪಾಯಿ ಸುಮಾರು 1.1 ಗ್ರಾಂ ಕಳೆದುಕೊಳ್ಳಬೇಕು. ಇದು ಅದಕ್ಕಿಂತ ಹೆಚ್ಚು ಕಳೆದುಕೊಂಡಿತು, ಅಂದರೆ ಲೋಹವೇ ಹಗುರ. ಪರಿಚಯದ ಅಕ್ಕಸಾಲಿಗರೊಬ್ಬರು ಮಸೂರ ಹಿಡಿದು, "ಇದು ಎರಕ ಹೊಯ್ದದ್ದು ಮಾರಾಯ್ರೆ, ಅಂಚಿನ ಗೆರೆ ನೋಡಿ" ಎಂದರು. ಟಂಕಿಸಿದ ಅಸಲಿ ನಾಣ್ಯದಲ್ಲಿ ಇರದ, ಎರಕದ ಎರಡು ಅಚ್ಚು ಕೂಡಿದ ಗೆರೆ ಅಂಚಿನ ಹಲ್ಲುಗಳ ನಡುವೆ ಸುತ್ತಲೂ ಓಡಿತ್ತು.

ಅದೇ ದಿನ ತಾಣದೊಳಗೆ ದೂರು ತೆರೆದು, ಮಾರಾಟಗಾರರು ಬರೆದಿದ್ದ ವಿವರಣೆಯ ಸ್ಕ್ರೀನ್‌ಶಾಟ್, ತೂಕದ ಚಿತ್ರ ಮತ್ತು ವಿಡಿಯೊ ಸೇರಿಸಿದೆ. ಮಾರಾಟಗಾರರು ಫೋನ್ ಮಾಡಿ, ದೂರು ಹಿಂತೆಗೆದುಕೊಂಡರೆ ಹಣ ಕಳುಹಿಸುತ್ತೇನೆ ಎಂದಾಗ, ಹಣ ಬಂದ ಬಳಿಕವೇ ದೂರು ಮುಚ್ಚುತ್ತೇನೆ ಎಂದು ಸಂದೇಶದಲ್ಲಿ ಉತ್ತರಿಸಿದೆ; ಮುಚ್ಚಿದ ದೂರನ್ನು ಮತ್ತೆ ತೆರೆಯುವುದು ಕಷ್ಟ. ನಾಣ್ಯವನ್ನು ತಾಣ ಕೊಟ್ಟ ವಿಳಾಸಕ್ಕೇ ವಿಮೆ ಮಾಡಿಸಿದ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿಯ ಪ್ರತಿಯನ್ನು ದೂರಿಗೆ ಲಗತ್ತಿಸಿದೆ. ಹಣ ಪೂರ್ತಿಯಾಗಿ ವಾಪಸು ಬಂತು.

ತಾಣ ಸ್ಪಂದಿಸದಿದ್ದರೂ ದಾರಿಗಳಿವೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ತಾಣದ ಕುಂದುಕೊರತೆ ಅಧಿಕಾರಿ ದೂರು ತಲುಪಿತೆಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಪರಿಹರಿಸಬೇಕು. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮಾರಾಟಗಾರರು ದೆಹಲಿಯಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ವಂಚಕರಿಗೆ ಹಣ ಹೋಗಿದೆ ಎಂದು ತಿಳಿದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೋಗಬೇಕು, ಅದೂ ಆ ಗಂಟೆಯಲ್ಲಿಯೇ, ಏಕೆಂದರೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ದೂರು ತಲುಪಿದರೆ ಅದನ್ನು ಬ್ಯಾಂಕಿನಲ್ಲಿಯೇ ತಡೆಹಿಡಿಯಲು ಸಾಧ್ಯವಾಗುತ್ತದೆ. ಕರೆ ಮಾಡುವಾಗ ವಹಿವಾಟಿನ ಸಂಖ್ಯೆ, ಮೊತ್ತ, ಸಮಯ ಮತ್ತು ಹಣ ಹೋದ ಯುಪಿಐ ಐಡಿ ಅಥವಾ ಖಾತೆಯ ವಿವರ ಕೈಯಲ್ಲಿರಬೇಕು. ಅದಕ್ಕಾಗಿಯೇ ಪ್ರತಿ ಖರೀದಿಗೂ ಒಂದು ಪ್ರತ್ಯೇಕ ಫೋಲ್ಡರ್ ಮಾಡಿ, ಹರಾಜಿನ ಪುಟದಿಂದ ಪಾವತಿಯವರೆಗಿನ ಎಲ್ಲ ದಾಖಲೆಗಳನ್ನು ಹಿಂತಿರುಗಿಸುವ ಅವಧಿ ಕಳೆಯುವವರೆಗೆ ಅಳಿಸದೆ ಇಡುತ್ತೇನೆ.