ಕುಂಟುವ ಮೊದಲೇ ಸೊಂಟ ನೋಡುವುದು: ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಪುಟ್ಟ ಪಶುಚಿಕಿತ್ಸಾಲಯವಿದೆ. ಆ ಲ್ಯಾಬ್ರಡಾರ್ ಹೆಣ್ಣುಮರಿಗೆ ಮೊದಲ ಲಸಿಕೆಯಿಂದ ಹಿಡಿದು ರೇಬಿಸ್ ಲಸಿಕೆಯವರೆಗೆ ಎಲ್ಲವನ್ನೂ ಹಾಕಿದವನು ನಾನೇ. ಕಿವಿ ನೋಡಿದೆ, ಹಲ್ಲು ನೋಡಿದೆ, ತೂಕ ಬರೆದುಕೊಂಡೆ; ಸೊಂಟವನ್ನು ಮಾತ್ರ ಮುಟ್ಟಲಿಲ್ಲ. ಹದಿನಾಲ್ಕು ತಿಂಗಳಾದಾಗ ಅದು ಎರಡೂ ಹಿಂಗಾಲುಗಳನ್ನು ಮೊಲದಂತೆ ಜೊತೆಯಾಗಿ ಎತ್ತಿಡುತ್ತ ನನ್ನ ಮೆಟ್ಟಿಲು ಹತ್ತಿತು. ಎಕ್ಸ್-ರೇಯಲ್ಲಿ ತೊಡೆಮೂಳೆಯ ತುದಿಯ ಗುಂಡು ಸೊಂಟದ ಕೀಲಿನ ಬಟ್ಟಲಿನಿಂದ ಅರ್ಧ ಹೊರಗಿತ್ತು. ಸೊಂಟದ ಕೀಲು ಸರಿಯಾಗಿ ಕೂಡದ ಈ ದೋಷಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. "ಮೊದಲೇ ಗೊತ್ತಾಗುತ್ತಿರಲಿಲ್ಲವೇ ಡಾಕ್ಟರೇ?" ಎಂದು ಮನೆಯ ಯಜಮಾನರು ಕೇಳಿದರು. ಗೊತ್ತಾಗುತ್ತಿತ್ತು. ಅವರಿಗೂ ಹಾಗೆಯೇ ಹೇಳಿದೆ.

ಅಂದಿನಿಂದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ಮರಿಗಳನ್ನು ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಮತ್ತೊಮ್ಮೆ ಕರೆಸಿಕೊಳ್ಳುತ್ತೇನೆ. "ಕುಂಟುತ್ತಿಲ್ಲವಲ್ಲ ಸಾರ್" ಎಂಬ ಮಾತು ಬಂದೇ ಬರುತ್ತದೆ. ಕೀಲು ಮೊದಲು ಸಡಿಲಾಗುತ್ತದೆ, ಗುಂಡು ಜಾರಾಡಿ ಬಟ್ಟಲು ಆಳವಾಗದೆ ಉಳಿಯುತ್ತದೆ, ಕುಂಟು ಆಮೇಲಿನದು ಎಂದು ಕೈಯಲ್ಲಿ ತೋರಿಸಿ ವಿವರಿಸುತ್ತೇನೆ.

ಎಚ್ಚರವಿರುವ ಮರಿ ಸ್ನಾಯುಗಳನ್ನು ಬಿಗಿಹಿಡಿಯುವುದರಿಂದ ಮಂಪರಿನ ಇಂಜೆಕ್ಷನ್ ಕೊಡುತ್ತೇನೆ. ಬೆನ್ನಿನ ಮೇಲೆ ಮಲಗಿಸಿ, ಮೊಣಕಾಲು ಹಿಡಿದು, ತೊಡೆಯನ್ನು ನೆಟ್ಟಗೆ ನಿಲ್ಲಿಸಿ ಮೇಜಿನತ್ತ ಒತ್ತುತ್ತೇನೆ. ಕೀಲು ಸಡಿಲವಿದ್ದರೆ ಗುಂಡು ಬಟ್ಟಲಿನಿಂದ ಜಾರುತ್ತದೆ. ಒತ್ತಡ ಬಿಡದೆ ಕಾಲನ್ನು ನಿಧಾನವಾಗಿ ಹೊರಕ್ಕೆ ಅಗಲಿಸಿದರೆ ಅದು ಮತ್ತೆ ಒಳಗೆ ಬೀಳುತ್ತದೆ. ಆ 'ಟಕ್' ಕಿವಿಗಿಂತ ಅಂಗೈಗೆ ಚೆನ್ನಾಗಿ ತಿಳಿಯುತ್ತದೆ. ಇಟಲಿಯ ಮಕ್ಕಳ ವೈದ್ಯ ಓರ್ಟೊಲಾನಿ ಎಳೆಗೂಸುಗಳಿಗಾಗಿ 1930ರ ದಶಕದಲ್ಲಿ ವಿವರಿಸಿದ ಪರೀಕ್ಷೆ ಇದು. 'ಟಕ್' ಸಿಗಲಿಲ್ಲವೆಂದು ನಾನು ನಿಶ್ಚಿಂತನಾಗುವುದಿಲ್ಲ. ಬಟ್ಟಲಿನ ಅಂಚು ಸವೆದಿದ್ದರೂ ಅದು ಸಿಗದು.

ಕಾಲುಗಳನ್ನು ನೀಳವಾಗಿ ಎಳೆದು ತೆಗೆಯುವ ಮಾಮೂಲಿ ಎಕ್ಸ್-ರೇ ಈ ವಯಸ್ಸಿನಲ್ಲಿ ಮೋಸ ಮಾಡಬಹುದು. ಆ ಭಂಗಿಯಲ್ಲಿ ಕೀಲನ್ನು ಸುತ್ತಿರುವ ಚೀಲ ಹುರಿಗೊಂಡು ಸಡಿಲತೆಯನ್ನು ಮರೆಮಾಡುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪೆನ್‌ಹಿಪ್ ಎಂಬ ಎಕ್ಸ್-ರೇ ವಿಧಾನ ಸಡಿಲತೆಯನ್ನೇ ಅಳೆಯುತ್ತದೆ. ಅದನ್ನು 16 ವಾರದ ಮರಿಗೂ ಮಾಡಬಹುದು, ಸಡಿಲತೆಯ ಅಳತೆ 0.30ರೊಳಗಿದ್ದರೆ ಮುಂದೆ ಸೊಂಟದ ಸಂಧಿವಾತ ಬರುವ ಅಪಾಯ ಕಡಿಮೆ. ಅದಕ್ಕೆ ವಿಶೇಷ ತರಬೇತಿ ಬೇಕು, ನನಗೆ ಆಗಿಲ್ಲ. ನನ್ನ ನಂಬಿಕೆ ಬೆರಳುಗಳ ಮೇಲೆ.

ವಿದ್ಯಾನಗರದಿಂದ ಬಂದ 17 ವಾರದ ಗಂಡುಮರಿಯೊಂದರ ಎರಡೂ ಕಡೆ 'ಟಕ್' ಸಿಕ್ಕಿತು. ಕಿಬ್ಬೊಟ್ಟೆಯ ಕೆಳಗೆ ಎರಡು ಮೂಳೆಗಳು ಕೂಡುವಲ್ಲಿ ಬೆಳವಣಿಗೆಯನ್ನು ತಡೆದು, ಬಟ್ಟಲು ಗುಂಡನ್ನು ಚೆನ್ನಾಗಿ ಮುಚ್ಚುವಂತೆ ಮಾಡುವ ಶಸ್ತ್ರಚಿಕಿತ್ಸೆಯಿದೆ. ಸುಮಾರು 20 ವಾರ ದಾಟಿದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಅದೇ ವಾರ ಬೆಂಗಳೂರಿಗೆ ಕಳುಹಿಸಿದೆ. ಈ ದೋಷ ವಂಶದಲ್ಲಿ ಹರಿಯುವುದರಿಂದ ಸಂತಾನಹರಣವನ್ನೂ ಅಲ್ಲಿಯೇ ಮಾಡಿಸಿದರು.

ಮನೆಯಲ್ಲಿ ಮಾಡಬೇಕಾದ್ದೂ ಅಷ್ಟೇ ಇತ್ತು. ಅಜ್ಜಿ ಪ್ರೀತಿಯಿಂದ ಹಾಕುತ್ತಿದ್ದ ಕ್ಯಾಲ್ಸಿಯಂ ಸಿರಪ್ಪನ್ನೂ ಬೆಣ್ಣೆದೋಸೆಯ ಚೂರುಗಳನ್ನೂ ನಿಲ್ಲಿಸಲು ಕೇಳಿಕೊಂಡೆ. ದೊಡ್ಡ ತಳಿಯ ಮರಿಗೆ ಹೆಚ್ಚುವರಿ ಕ್ಯಾಲ್ಸಿಯಂ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದಾಗ, ಕಾಲುಭಾಗ ಕಡಿಮೆ ಆಹಾರ ತಿಂದ ಗುಂಪಿನಲ್ಲಿ ಸೊಂಟದ ಸಂಧಿವಾತ ತಡವಾಗಿ ಬಂತು, ಆಯುಷ್ಯವೂ ಸುಮಾರು ಎರಡು ವರ್ಷ ಹೆಚ್ಚಿತು. ಇದನ್ನು ಹೇಳಿದ ಮೇಲೆ ಅಜ್ಜಿ ಒಪ್ಪಿದರು. ನುಣುಪಾದ ಟೈಲ್ಸ್ ನೆಲದ ಮೇಲೆ ಮರಿ ಜಾರದಿರಲೆಂದು ಅವರೇ ಚಳ್ಳಕೆರೆಯ ಹಳೆಯ ಕಂಬಳಿಗಳನ್ನು ನಡುಮನೆಯುದ್ದಕ್ಕೂ ಹಾಸಿದರು.

ಮುಂದಿನ ತಿಂಗಳು ಅದಕ್ಕೆ ಎರಡು ವರ್ಷ ತುಂಬುತ್ತದೆ. ಅಂದು ಮತ್ತೆ ಎಕ್ಸ್-ರೇ ತೆಗೆಯಲಿದ್ದೇನೆ.