ಕಡಲತಳದ ಗಣಿಗಾರಿಕೆ: ಅಲ್ಲಿನ ಜೀವಿಗಳಿಗಾದ ಹಾನಿಯನ್ನು ಅಳೆಯುವ ಬಗೆ

ಯಂತ್ರ ತಳಕ್ಕಿಳಿದ ಮೇಲೆ ಶುರುವಾಗುವ ಅಧ್ಯಯನದಿಂದ ಹೆಚ್ಚು ಪ್ರಯೋಜನವಿಲ್ಲ. ಮೊದಲು ಏನಿತ್ತು ಅಂತ ಗೊತ್ತಿಲ್ಲದೆ ಏನು ಹೋಯಿತು ಅಂತ ಹೇಳಲಾಗದು. ಇಲ್ಲಿರುವುದು 4,000–6,000 ಮೀಟರ್ ಆಳದಲ್ಲಿ ಕೆಸರಿನ ಮೇಲೆ ಬಿದ್ದಿರುವ ಲೋಹಭರಿತ ಉಂಡೆಗಳ, ಅಂದರೆ ಮ್ಯಾಂಗನೀಸ್ ಗಂಟುಗಳ ಗಣಿಗಾರಿಕೆಯ ಲೆಕ್ಕಾಚಾರ.

ಮೊದಲ ಕೆಲಸ ಜಾಗಗಳ ಆಯ್ಕೆ. ಯಂತ್ರ ಓಡುವ ಜಾಗ, ಅದು ಎಬ್ಬಿಸಿದ ರಾಡಿ ಬಂದು ಕೂರುವ ಜಾಗ, ಎರಡೂ ತಟ್ಟದ ಹೋಲಿಕೆಯ ಜಾಗ, ಹೀಗೆ ಮೂರು ಬಗೆ ಬೇಕು. ಮೂರರಲ್ಲೂ ಗಣಿಗಾರಿಕೆಗೆ ಮುಂಚೆ ಮತ್ತು ಆಮೇಲೆ ಒಂದೇ ವಿಧಾನದಲ್ಲಿ ಮಾದರಿ ತೆಗೆಯಬೇಕು. ಹೆಚ್ಚಾಗಿ ಎಡವುವುದು ಹೋಲಿಕೆಯ ಜಾಗದಲ್ಲೇ. ಗಂಟುಗಳು ವಿರಳವಾಗಿರುವ, ಯಾರಿಗೂ ಬೇಡದ ಜಾಗವನ್ನು ಅದಕ್ಕೆ ಬಿಟ್ಟುಕೊಡುವುದು ಸುಲಭ. ಆದರೆ ಸ್ಪಂಜು, ಹವಳಗಳು ಅಂಟಿಕೊಳ್ಳುವುದು ಗಂಟಿಗೇ, ಮೆತ್ತನೆ ಕೆಸರಿಗಲ್ಲ. ಆಳ, ಗಂಟುಗಳ ದಟ್ಟಣೆ, ಕೆಸರಿನ ಕಣಗಾತ್ರ ಇವು ಹೊಂದದಿದ್ದರೆ ಆ ಹೋಲಿಕೆಯನ್ನು ಕೈಬಿಡುವುದೇ ಒಳ್ಳೆಯದು.

ಕೆಸರಿನೊಳಗಿನ ಜೀವಿಗಳಿಗೆ 50×50 ಸೆಂ.ಮೀ. ಬಾಯಿಯ ಬಾಕ್ಸ್ ಕೋರರ್ (ಕೆಸರನ್ನು ಇದ್ದಂತೆಯೇ ಕತ್ತರಿಸಿ ತರುವ ಪೆಟ್ಟಿಗೆ) ಬಳಸಿ. ವಿಂಚ್ ನಿಮಿಷಕ್ಕೆ 60 ಮೀಟರ್ ಹಗ್ಗ ಬಿಟ್ಟರೆ 4,500 ಮೀಟರ್ ಇಳಿಯಲು 75 ನಿಮಿಷ, ಮೇಲೆ ಬರಲು ಮತ್ತೆ ಅಷ್ಟೇ. ಆತುರಪಡಲು ಆಸೆಯಾಗುವುದು ಸಹಜ. ಆದರೂ ತಳ ಹತ್ತಿರವಾದಾಗ ನಿಲ್ಲಿಸಿ, ತೂಗಾಟ ತಣಿದ ಮೇಲೆ ನಿಧಾನವಾಗಿ ಇಳಿಸಿ. ಜೋರಾಗಿ ಇಳಿಸಿದರೆ ಪೆಟ್ಟಿಗೆಯ ಮುಂದೆ ನುಗ್ಗುವ ನೀರೇ ಮೇಲ್ಪದರವನ್ನು ಊದಿಬಿಡುತ್ತದೆ. ಜೀವಿಗಳು ಹೆಚ್ಚಿರುವುದು ಅಲ್ಲೇ.

ಡೆಕ್ಕಿಗೆ ಬಂದ ಪೆಟ್ಟಿಗೆಯಲ್ಲಿ ಕೆಸರಿನ ಮೇಲೆ ನೀರು ತಿಳಿಯಾಗಿ ನಿಂತಿದೆಯೇ ನೋಡಿ. ಕದಡಿದ್ದರೆ, ಮೇಲ್ಮೈ ವಾಲಿದ್ದರೆ ಆ ಮಾದರಿ ಎಣಿಕೆಗೆ ಬರುವುದಿಲ್ಲ. ಚೆನ್ನಾಗಿದ್ದರೆ ಆ ನೀರನ್ನು ಚೆಲ್ಲದೆ ಜರಡಿಯ ಮೂಲಕ ಇಳಿಸಿ. ಗಂಟುಗಳನ್ನು ಎತ್ತಿ, ಬಿರುಕುಗಳಲ್ಲಿ ಅಡಗಿದ ಹುಳುಗಳಿಗಾಗಿ ಬೇರೆಯಾಗಿ ತೊಳೆಯಿರಿ. ಬಳಿಕ ಕೆಸರನ್ನು 0–2, 2–5, 5–10 ಸೆಂ.ಮೀ. ಪದರಗಳಾಗಿ ಕತ್ತರಿಸಿ, ಸೋಸಿದ ತಣ್ಣನೆಯ ಕಡಲನೀರಿನಲ್ಲಿ 300 ಮೈಕ್ರಾನ್ ಜರಡಿ ಹಿಡಿಯಿರಿ. ಬೆಚ್ಚಗಿನ ನೀರು ಬಳಸಿದರೆ ಡಿಎನ್‌ಎ ಹಾಳಾಗುತ್ತದೆ. ಡಿಎನ್‌ಎಗೆ ಬೇಕಾದ ಭಾಗವನ್ನು ತಣ್ಣಗಿಟ್ಟ 96% ಎಥನಾಲ್‌ಗೆ, ದೇಹರಚನೆ ನೋಡುವ ಭಾಗವನ್ನು ಫಾರ್ಮಾಲಿನ್‌ಗೆ ಹಾಕಿ. ಎಲ್ಲವನ್ನೂ ಫಾರ್ಮಾಲಿನ್‌ಗೆ ಹಾಕಿದರೆ ಮುಂದೆ ವಂಶವಾಹಿ ಪರೀಕ್ಷೆಗೆ ದಾರಿ ಮುಚ್ಚಿದಂತೆಯೇ. ಪೆಸಿಫಿಕ್ ಸಾಗರದಲ್ಲಿ ಗಂಟುಗಳು ಹೇರಳವಾಗಿರುವ ಕ್ಲಾರಿಯನ್–ಕ್ಲಿಪರ್ಟನ್ ವಲಯದ ಪ್ರಭೇದಗಳಲ್ಲಿ ಶೇ. 90ರಷ್ಟಕ್ಕೆ ಇನ್ನೂ ವೈಜ್ಞಾನಿಕ ಹೆಸರೇ ಇಲ್ಲ, ಹಾಗಾಗಿ ಇದು ಸಣ್ಣ ವಿಷಯವಲ್ಲ.

ದುಂಡುಹುಳುಗಳಂಥ ಅತಿಸಣ್ಣ ಜೀವಿಗಳಿಗೆ ಮಲ್ಟಿಕೋರರ್ (ಹಲವು ಕೊಳವೆಗಳನ್ನು ಒಟ್ಟಿಗೆ ಕೆಸರಿಗಿಳಿಸುವ ಸಾಧನ) ಮತ್ತು 32 ಮೈಕ್ರಾನ್ ಜರಡಿ. ಒಂದೇ ಇಳಿತದಲ್ಲಿ ಬಂದ ಎಂಟು ಕೊಳವೆಗಳು ಎಂಟು ಮಾದರಿಗಳಲ್ಲ, ಒಂದೇ. ಇದನ್ನು ಮರೆತ ಅಂಕಿಅಂಶ ನೋಡಲು ಚೆಂದ, ನಂಬಲು ಅಲ್ಲ.

ದೊಡ್ಡ ಜೀವಿಗಳನ್ನು ಕ್ಯಾಮೆರಾದಲ್ಲೇ ಎಣಿಸಬೇಕು. ತಳದಿಂದ ಒಂದೇ ಎತ್ತರ ಕಾಯ್ದುಕೊಳ್ಳಿ, ಅಳತೆಗೆ ಗೊತ್ತಾದ ಅಂತರದ ಎರಡು ಲೇಸರ್ ಚುಕ್ಕೆ ಇರಲಿ, ಚಿತ್ರಗಳು ಒಂದರ ಮೇಲೊಂದು ಬಂದಿದ್ದರೆ ಒಂದನ್ನು ಬಿಡಿ. ಒಂದಷ್ಟು ಚಿತ್ರಗಳನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಿ ತಾಳೆ ನೋಡುವುದು ಕಡ್ಡಾಯ. ಕ್ಸೀನೋಫಯೋಫೋರ್ ಎಂಬ ದೈತ್ಯ ಏಕಕೋಶ ಜೀವಿ ಬದುಕಿದೆಯೋ ಬರೀ ಚಿಪ್ಪೋ ಎಂದು ಚಿತ್ರದಲ್ಲಿ ತಿಳಿಯುವುದಿಲ್ಲ. ಅದನ್ನು ಬೇರೆ ಕಾಲಂನಲ್ಲಿಡಿ.

ರಾಡಿಯನ್ನು ಅಳೆಯಲು ಟರ್ಬಿಡಿಟಿ ಸೆನ್ಸರ್ (ನೀರು ಎಷ್ಟು ಕದಡಿದೆ ಎಂದು ಹೇಳುವುದು), ಪ್ರವಾಹಮಾಪಕ (ನೀರಿನ ಹರಿವು ಅಳೆಯುವುದು), ಸೆಡಿಮೆಂಟ್ ಟ್ರ್ಯಾಪ್ (ಕೆಳಗೆ ಬೀಳುವ ಕಣಗಳನ್ನು ಹಿಡಿಯುವುದು) ಇಡಬೇಕು. ಸೆನ್ಸರನ್ನು ಅದೇ ಜಾಗದ ಕೆಸರಿನಿಂದಲೇ ಸರಿಹೊಂದಿಸಿ. ಕಣದ ಗಾತ್ರ ಬದಲಾದರೆ ಸೆನ್ಸರ್ ತೋರಿಸುವ ಅಂಕಿಯೂ ಬದಲಾಗುತ್ತದೆ. ಪ್ರವಾಹವನ್ನು ಮುಂಚೆಯೇ ಕನಿಷ್ಠ ಒಂದು ವರ್ಷ ಅಳೆದಿರಬೇಕು, ಇಲ್ಲದಿದ್ದರೆ ಸೆನ್ಸರುಗಳೆಲ್ಲ ರಾಡಿ ಹೋಗದ ದಿಕ್ಕಿನಲ್ಲಿ ಕೂತಿರುತ್ತವೆ.

ಚೇತರಿಕೆಯನ್ನು ಎರಡು ಲೆಕ್ಕದಲ್ಲಿ ಬರೆಯಿರಿ: ಕೆಸರಿನ ಜೀವಿಗಳದು ಒಂದು, ಗಂಟಿನ ಮೇಲಿನವುಗಳದು ಇನ್ನೊಂದು. ಗಂಟು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿ.ಮೀ. ಪೆಸಿಫಿಕ್ ಸಾಗರತಳದ ಪೆರು ತಗ್ಗಿನಲ್ಲಿ 1989ರಲ್ಲಿ ಪ್ರಯೋಗಕ್ಕಾಗಿ ಉತ್ತ ಗೆರೆಗಳು 2015ರಲ್ಲೂ ಕಾಣುತ್ತಿದ್ದವು. ಒಂದೆರಡು ವರ್ಷದ ವರದಿ ನೋಡಿ ‘ಚೇತರಿಸಿತು’ ಅನ್ನಬೇಡಿ.

ಮರುಭೇಟಿಯಲ್ಲಿ ಕೋರರ್‌ಗೆ ಶಬ್ದತರಂಗದ ಬೀಕನ್ ಕಟ್ಟಿ. ಹಡಗಿನ ಜಿಪಿಎಸ್ ಹೇಳುವುದು ಹಡಗಿನ ಜಾಗವನ್ನು. ಪ್ರವಾಹಕ್ಕೆ ಸಿಕ್ಕಿದ ಉದ್ದದ ಹಗ್ಗದ ತುದಿ ಬೇರೆಲ್ಲೋ ಇರುತ್ತದೆ, ಯಂತ್ರದ ಜಾಡೋ ಕೆಲವೇ ಮೀಟರ್ ಅಗಲ. ಜಾಡಿನ ಪಕ್ಕದ ಮುಟ್ಟದ ಕೆಸರನ್ನು ‘ಜಾಡಿನೊಳಗೆ’ ಎಂದು ಬರೆದುಕೊಂಡರೆ, ಆಗಿರುವ ಹಾನಿಯೂ ಕಾಗದದ ಮೇಲೆ ಮಾಯವಾಗುತ್ತದೆ.